ಕ್ಯಾರಿಯರ್‌ಪುರದ ಅಸಲಿ ಸಾಸಿವೆರಾಯ

ತನ್ನ ಪುಸ್ತಕ ಬಿಡುಗಡೆಯಾಗುತ್ತಿದೆ ಎಂಬ ಸುದ್ದಿ ತುಷಾರನಿಗೆ ಸಿಕ್ಕಿದ್ದು ಇನ್ನೊಬ್ಬರ ಫೋನಿನಲ್ಲಿ.

ಸಿಡ್ನಿಗೆ ವಿಮಾನದಲ್ಲೇ ಹೋಗಬೇಕಾದಷ್ಟು ದೂರದ ವೆರಿಬೀಯ ಮಾಲಿನಲ್ಲಿ, ಎಸ್ಕಲೇಟರಿನ ಬುಡಕ್ಕೆ ಅಂಟಿಕೊಂಡಿರುವ ಫೋನ್ ರಿಪೇರಿ ಗೂಡಿನಲ್ಲಿ ಅವನಿಗೆ ಕೆಲಸ. ಗೂಡು ಯಾರದೋ, ಸ್ಕ್ರೂಡ್ರೈವರ್ ಮಾತ್ರ ಅವನದು. ಆ ಗುರುವಾರ ಪಲ್ಲವಿ ಆಂಟಿಯ ಒಡೆದ ಸ್ಕ್ರೀನ್ ಬದಲಿಸಿ ಕೈಗೆ ಕೊಟ್ಟ. ಸರಿಯಾಗಿದೆಯೋ ಇಲ್ಲವೋ ಎಂದು ಆಂಟಿ ವಾಟ್ಸಾಪ್ ಒತ್ತಿದ್ದೇ ತಡ, ಒಂದು ಪೋಸ್ಟರ್ ತೆರೆದುಕೊಂಡಿತು. ಸಿಡ್ನಿಯ ಮಲ್ಲಿಗೆ ಕನ್ನಡ ಬಳಗ ಅರ್ಪಿಸುವ, ಶ್ರೀ ಪಂಚಾಕ್ಷರಯ್ಯನವರ 'ಕ್ಯಾರಿಯರ್‌ಪುರ' ಚಿತ್ರಕಥೆಯ ಲೋಕಾರ್ಪಣೆ. ಲೇಖಕರಿಗೆ ಸನ್ಮಾನ. ಕೆಳಗೆ ಎಪ್ಪತ್ತು ದಾಟಿದ ಒಬ್ಬರ ಫೋಟೋ: ಬಿಳಿ ಜುಬ್ಬಾ, ಹಣೆಯಲ್ಲಿ ವಿಭೂತಿ, ಪಾಸ್‌ಪೋರ್ಟಿಗೆ ತೆಗೆಸಿದಂಥ ಗಾಬರಿ ಮುಖ.

"ಆಂಟಿ, ಇವ್ರ್ಯಾರು?"

"ಗೊತ್ತಿಲ್ವೇನೋ? ಕ್ಯಾರಿಯರ್‌ಪುರ ಬರೀತಾರಲ್ಲ, ಅವ್ರೇ. ನಮ್ಮನೇಲಿ ಮಗೂಗೆ ಆ ಕಾಮಿಕ್ ತೋರಿಸ್ದಿದ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ. ಯಾಕೋ, ದೆವ್ವ ನೋಡ್ದಂಗೆ ನೋಡ್ತಿದೀಯ?"

"ದೆವ್ವಾನೇ ಆಂಟಿ" ಎಂದ ತುಷಾರ್. "ಈ ಮನುಷ್ಯ ಹುಟ್ಟೇ ಇಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಪಂಚಾಕ್ಷರಯ್ಯ ಎಂಬ ಲೇಖಕನನ್ನು ಹುಟ್ಟಿಸಿದವನು ಅವನೇ. ಹೋದ ವರ್ಷದ ಒಂದು ಭಾನುವಾರ, ತನ್ನ ಬೆಡ್‌ರೂಮಿನಲ್ಲಿ, ಚಿಪ್ಸ್ ತಿನ್ನುತ್ತಾ.

ಹುಟ್ಟಿಸಬೇಕಾಗಿ ಬಂದದ್ದಕ್ಕೆ ಕಾರಣವೂ ಅವನೇ. ವೆರಿಬೀ, ಸಿಡ್ನಿ ಎರಡೂ ಕಡೆಯ ಕನ್ನಡಿಗರೆಲ್ಲ ಇರುವ ದೊಡ್ಡ ವಾಟ್ಸಾಪ್ ಗುಂಪಿನಲ್ಲಿ, ಬಳಗದ ಅಧ್ಯಕ್ಷರ ದನಿಯನ್ನು ತದ್ವತ್ ಅನುಕರಿಸಿ, ಒಬ್ಬ ಭಾರಿ ಸಿನಿಮಾ ನಟ ನಾಳೆ ಬೆಳಿಗ್ಗೆ ಸಿಡ್ನಿಗೆ ಇಳಿಯುತ್ತಾನೆಂದು ಒಂದು ವಾಯ್ಸ್ ಮೆಸೇಜ್ ಬಿಟ್ಟಿದ್ದ. ಮೂವತ್ತು ಮಂದಿ ಹಾರ ಹಿಡಿದು ಏರ್‌ಪೋರ್ಟಿನಲ್ಲಿ ಮೂರು ಗಂಟೆ ನಿಂತರು. ಕೊನೆಗೆ ಸಿಟ್ಟಿಗೆ, ಹೊರಗೆ ಬಂದ ಒಬ್ಬ ಪೈಲಟ್ಟಿಗೆ ಹಾರ ಹಾಕಿ ಮನೆಗೆ ಹೋದರು. ತುಷಾರನನ್ನು ಗುಂಪಿನಿಂದ ತೆಗೆದರು. ಅಲ್ಲಿಂದಾಚೆಗೆ ಅವನು ಮಳೆ ಬರುತ್ತಿದೆ ಎಂದರೂ ಜನ ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಕ್ಯಾರಿಯರ್‌ಪುರ ಮಾತ್ರ ತಮಾಷೆಯಾಗಿರಲಿಲ್ಲ. ಅದೊಂದನ್ನೇ ಅವನು ಜೀವ ತೇಯ್ದು ಮಾಡಿದ್ದು. ನಾಲ್ಕು ಅಂತಸ್ತಿನ ಸ್ಟೀಲ್ ಊಟದ ಕ್ಯಾರಿಯರಿನೊಳಗೆ ಒಂದು ಇಡೀ ನಗರ. ಕೆಳಗಿನ ಡಬ್ಬಿಯಲ್ಲಿ ಅನ್ನದ ಬಯಲು, ಅದರ ಮೇಲೆ ಸಾರಿನ ಸರೋವರ, ಅದಕ್ಕೂ ಮೇಲೆ ಪಲ್ಯದ ಕಾಡು, ತುತ್ತತುದಿಯಲ್ಲಿ ಹಪ್ಪಳದ ಚಾವಣಿ ಹಾಕಿಕೊಂಡ ಶ್ರೀಮಂತರ ಬಡಾವಣೆ. ಈ ನಗರವನ್ನು ಕಾಯುವವನು ಸಾಸಿವೆರಾಯ: ಬೇಕೆಂದಾಗ ಸಾಸಿವೆ ಕಾಳಿನಷ್ಟಾಗಬಲ್ಲ ವೀರ. ಏಳನೆಯ ಕಂತಿನಲ್ಲಿ ಒಬ್ಬ ನಕಲಿ ಬರುತ್ತಾನೆ. ಅದೇ ಮೀಸೆ, ಅದೇ ಹಳದಿ ಶಲ್ಯ. ಅಸಲಿ ಸಾಸಿವೆರಾಯ ಕೆಳಗೆ ಪ್ರವಾಹದಲ್ಲಿ ಜನರನ್ನು ಎತ್ತುತ್ತಿರುವಾಗ ನಕಲಿ ಮೇಲೆ ನಿಂತು ಭಾಷಣ ಮಾಡುತ್ತಾನೆ. ಜನ ಭಾಷಣ ಮಾಡಿದವನನ್ನೇ ಹೊತ್ತು ಮೆರೆಸುತ್ತಾರೆ. ಹನ್ನೊಂದು ಕಂತು ಮುಗಿದಿತ್ತು. ಯಾರು ಅಸಲಿ ಎಂದು ತೀರ್ಮಾನವಾಗುವ ಹನ್ನೆರಡನೆಯದು ಬಾಕಿಯಿತ್ತು.

ತುಷಾರ್ ಎಂಬ ಹೆಸರಿನಲ್ಲಿ ಹಾಕಿದರೆ ಒಬ್ಬರೂ ತೆರೆದು ನೋಡುವುದಿಲ್ಲವೆಂದು ಹೊಸ ಸಿಮ್ ತೆಗೆದುಕೊಂಡು ಬೇರೆಯವನಾಗಿ ಅದೇ ಗುಂಪಿಗೆ ಸೇರಿದ. ಹೆಸರಿಗೆ ತೂಕ ಬೇಕಿತ್ತು, ಕೇಳಿದ ತಕ್ಷಣ ಶಾಲು ನೆನಪಾಗಬೇಕು. ಪಂಚಾಕ್ಷರಯ್ಯ ಎಂದಿಟ್ಟ. ಈ ಖಂಡದಲ್ಲಿ ಆ ಹೆಸರಿನ ಇನ್ನೊಬ್ಬ ಇರಲಾರ ಎಂದುಕೊಂಡಿದ್ದ. ಇದ್ದರು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ, ಮಗನ ಮನೆಯಲ್ಲಿ.

ಆ ಸಂಜೆ ಅವನು ಪಂಚಾಕ್ಷರಯ್ಯನ ನಂಬರಿನಿಂದಲೇ ಗುಂಪಿಗೆ ಬರೆದ: 'ಇದನ್ನು ಬರೆದವನು ನಾನು, ವೆರಿಬೀಯ ತುಷಾರ್. ಪೋಸ್ಟರಿನಲ್ಲಿರುವವರು ಯಾರೋ ನನಗೆ ತಿಳಿಯದು.'

ನಾಲ್ಕೇ ನಿಮಿಷ. 'ಅಯ್ಯೋ, ಆ ಫೋನ್ ರಿಪೇರಿ ಹುಡುಗ ಅಂಕಲ್ ನಂಬರ್ ಹ್ಯಾಕ್ ಮಾಡಿದಾನೆ!' ಎಂದು ಯಾರೋ ಕೂಗಿದರು. 'ಯಾರೂ ಲಿಂಕ್ ಒತ್ತಬೇಡಿ' ಎಂದರು ಇನ್ನೊಬ್ಬರು. ಅಲ್ಲಿ ಲಿಂಕೇ ಇರಲಿಲ್ಲ. ಪಂಚಾಕ್ಷರಯ್ಯನನ್ನೂ ಗುಂಪಿನಿಂದ ತೆಗೆದರು. ಒಬ್ಬನೇ ಮನುಷ್ಯನನ್ನು ಎರಡು ಸಲ ಹೊರಗೆ ಹಾಕಿದ ಗುಂಪು ಅದೊಂದೇ ಇರಬೇಕು.

ನಿಜ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಅವನ ಅಮ್ಮ ವಸಂತಾಗೆ. ಉಡುಪಿಯ ಕಡೆಯವರು. ನೆಂಟರ ಹತ್ತಿರವೆಲ್ಲ ತುಳು, ಮಗನ ಹತ್ತಿರ ಕನ್ನಡ. ಮಗನ ತುಳು ಕೇಳಿದರೆ ಕಿವಿ ನೋಯುತ್ತದೆ ಎಂಬುದು ಅವರ ದೂರು. ಕ್ಯಾರಿಯರ್‌ಪುರದ ಕ್ಯಾರಿಯರ್ ಅವರದೇ.

"ನಿನ್ನ ಹೆಸರೇ ಹಾಕಿದ್ದರೆ ಈ ಗ್ರಹಚಾರ ಇರ್ತಿತ್ತಾ?" ಎಂದರು ವಸಂತಾ, ಬಟ್ಟೆ ಮಡಚುತ್ತಾ.

"ನನ್ನ ಹೆಸರು ಹಾಕಿದ್ರೆ ಯಾರು ಓದ್ತಿದ್ರು ಅಮ್ಮಾ?"

"ನಾನು ಓದ್ತಿದ್ದೆ." ಅವರು ಒಂದು ಟವೆಲ್ ಕೊಡವಿದರು. "ಫೋನಲ್ಲಿ ಯುದ್ಧ ಮಾಡಬೇಡ ಮಾರಾಯ. ಹೋಗು, ಅವರ ಮುಖ ನೋಡಿ ಹೇಳು. ಮತ್ತೆ ಅಲ್ಲಿ ಹೋಗಿ ಸಿನೆಮಾ ಮಾಡಬೇಡ. ಸಾದಾ ಹೇಳು."

"ನಾನ್ ಯಾವತ್ತು ಸಿನೆಮಾ ಮಾಡ್ದೆ?" ಎಂದ ತುಷಾರ್, ಎದೆಯ ಮೇಲೆ ಕೈಯಿಟ್ಟು.

ವಸಂತಾ ಆ ಕೈಯನ್ನೇ ನೋಡಿ ಇನ್ನೊಂದು ಟವೆಲ್ ಎತ್ತಿಕೊಂಡರು.

ಭಾನುವಾರ ಬೆಳಿಗ್ಗೆಯ ವಿಮಾನ ಹಿಡಿದು ಸಿಡ್ನಿಗಿಳಿದು, ಪಲ್ಲವಿ ಆಂಟಿ ಕೊಟ್ಟ ವಿಳಾಸ ಹಿಡಿದು ಮೆಟ್ರೋದಲ್ಲಿ ಕೆಲ್ಲಿವಿಲ್ ತಲುಪಿದ. ಕಾರ್ಯಕ್ರಮ ಮಧ್ಯಾಹ್ನ ಎರಡಕ್ಕೆ. ಒಂದೇ ಅಚ್ಚಿನಲ್ಲಿ ಹೊಯ್ದಂಥ ಮನೆಗಳು, ಪ್ರತಿ ಮನೆಯ ಮುಂದೆ ಎರಡೆರಡು ಕಾರು. ದಾರಿಯುದ್ದಕ್ಕೂ ಅವನು ಡೈಲಾಗ್ ಕಟ್ಟುತ್ತಿದ್ದ: 'ಹೆಸರು ನಿಮ್ಮದಿರಬಹುದು ಯಜಮಾನ್ರೇ, ಆದ್ರೆ ಉಸಿರು ನಂದು!' ಬಾಗಿಲು ತೆರೆಯುತ್ತಲೇ ಬಿಡಬೇಕು, ಹಿನ್ನೆಲೆಯಲ್ಲಿ ಗಾಳಿ ಬೀಸಬೇಕು.

ಬಾಗಿಲು ತೆರೆದವರು ಪೋಸ್ಟರಿನ ಮನುಷ್ಯರೇ. ಕಾಲಿನ ಹಿಂದೆ ಒಂದು ಏಳು ವರ್ಷದ ಹುಡುಗಿ.

"ಬರ್ರಿ ಬರ್ರಿ" ಎಂದರು ಪಂಚಾಕ್ಷರಯ್ಯ. "ಮಗಾ ಸೊಸಿ ಇಬ್ರೂ ಹಾಲ್‌ಗೆ ಹೋಗ್ಯಾರ, ಕುರ್ಚಿ ಹಾಕಾಕ. ಬಿಸಲಾಗ ಬಂದೀರಿ, ನೀರು ಕುಡೀತೀರಿ?"

ಡೈಲಾಗ್ ಮರೆತೇಹೋಯಿತು. "ನಾನು ತುಷಾರ್" ಎಂದ. "ವೆರಿಬೀಯಿಂದ."

ಮುದುಕರ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನ ಏನಪಾ ಅದನ್ನ ಬರದವ? ಇಷ್ಟ್ ಸಣ್ಣಾವ?" ಎಂದರು. "ಒಳಗ ಬಾ. ಕಳ್ಳನ ಮನಿ ಅಂತ ಹೊರಗ ನಿಲ್ಲಬ್ಯಾಡ."

ಕಥೆ ಇಷ್ಟೇ. ಅವರು ಧಾರವಾಡದಲ್ಲಿ ಮೂವತ್ತೈದು ವರ್ಷ ಚಿತ್ರಕಲಾ ಮಾಸ್ತರು. ಸೊಸೆ ಸಂಧ್ಯಾರಾಣಿ ಮಗಳು ಅನಘಾಗೆ ಫೋನ್ ಮುಟ್ಟಲು ಬಿಡುತ್ತಿರಲಿಲ್ಲ. ಮೊಮ್ಮಗಳಿಗೆ ಕ್ಯಾರಿಯರ್‌ಪುರ ಬೇಕು. ಅದಕ್ಕೆ ಮಾಸ್ತರರು ತಮ್ಮ ಫೋನಿನಲ್ಲಿ ನೋಡಿ, ಒಂದೊಂದೇ ಕಂತನ್ನು ಪೆನ್ಸಿಲ್ಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿ ಕೊಡುತ್ತಿದ್ದರು. ಒಂದು ದಿನ ಆ ನೋಟ್‌ಬುಕ್ ಸೊಸೆಯ ಕೈಗೆ ಸಿಕ್ಕಿತು. ಸಂಧ್ಯಾರಾಣಿ ಬಳಗದ ಕಾರ್ಯದರ್ಶಿ. ಪೆನ್ಸಿಲ್ ಚಿತ್ರ, ಮಾವನ ಹೆಸರು ಪಂಚಾಕ್ಷರಯ್ಯ, ಗುಂಪಿನ ಲೇಖಕನ ಹೆಸರೂ ಪಂಚಾಕ್ಷರಯ್ಯ. ಇನ್ನೇನು ಬೇಕು? ಆಗಿದ್ದಷ್ಟು ಕಂತುಗಳನ್ನು ಬಳಗ ಪುಸ್ತಕ ಮಾಡಿಸಿತು.

"ನಂದಲ್ಲವಾ ಅಂದೆ" ಎಂದರು ಮಾಸ್ತರರು. "'ನೋಡ್ರಿ, ಮಾವಾರದು ಎಷ್ಟ್ ದೊಡ್ಡ ಮನಸ್ಸು, ಎಷ್ಟ್ ವಿನಯ' ಅಂದ್ಲು. ಎಲ್ಲಾರ ಮುಂದ ಅಂದೆ. ಇನ್ನೂ ವಿನಯ ಅಂದ್ರು. ನಾ ಅಲ್ಲ ಅಂದಷ್ಟೂ ನಾನ ಆಗ್ಲಿಕತ್ತೆ."

"ಆಮೇಲೆ?"

"ಆಮ್ಯಾಲ ಸುಮ್ನಾದೆ." ಅವರು ನೆಲ ನೋಡಿದರು. "ಎರಡು ವರ್ಷಾತು ಇಲ್ಲಿಗೆ ಬಂದು. ಮನಿಗೆ ಬಂದವ್ರು ನನ್ನ ದಾಟಿ ಫ್ರಿಡ್ಜಿಗೆ ಹೋಗ್ತಿದ್ರು. ಈಗ ನನ್ನ ಮುಂದ ಕುಂತು ಮಾತಾಡ್ತಾರ."

ಅನಘಾ ನೋಟ್‌ಬುಕ್ ತಂದು ತುಷಾರನ ತೊಡೆಯ ಮೇಲಿಟ್ಟಳು. "Ajja's is better than the phone one" ಎಂದಳು.

ತುಷಾರ್ ಪುಟ ತಿರುವಿದ. ಹುಡುಗಿ ಸುಳ್ಳು ಹೇಳಿರಲಿಲ್ಲ. ಅವನು ಒಂದು ಮನೆ ಬಿಡಿಸಿ ಅದನ್ನೇ ನಾನೂರು ಸಲ ಕಾಪಿ ಪೇಸ್ಟ್ ಮಾಡಿದ್ದ ಕಡೆ, ಮಾಸ್ತರರು ನಾನೂರು ಮನೆ ಬಿಡಿಸಿದ್ದರು. ಒಂದರ ಕಿಟಕಿಯಲ್ಲಿ ಬೆಕ್ಕು, ಇನ್ನೊಂದರ ಮುಂದೆ ಒಣಗಲು ಹಾಕಿದ ಸೀರೆ. ನೋಟ್‌ಬುಕ್ ಮುಚ್ಚಿ ಹಿಂದಕ್ಕೆ ಕೊಟ್ಟ.

"ನನಗೆ ಪುಸ್ತಕದ ಮೇಲೆ ನನ್ನ ಹೆಸರು ಬೇಕು ಮೇಷ್ಟ್ರೇ. ಇನ್ನೇನೂ ಬೇಡ. ಇವತ್ತು ಮೈಕಲ್ಲಿ ನೀವೇ ಹೇಳ್ಬೇಕು."

"ಹೇಳ್ತೀನಿ" ಎಂದರು ಪಂಚಾಕ್ಷರಯ್ಯ. "ಲಿಂಗದಾಣೆ ಹೇಳ್ತೀನಿ. ಖರೇ ಅಂದ್ರ ನನಗೂ ನಿದ್ದಿ ಹತ್ತಿಲ್ಲ."

ಹಾಲಿನಲ್ಲಿ ನೂರೈವತ್ತು ಕುರ್ಚಿ, ಎಲ್ಲ ತುಂಬಿತ್ತು. ಹಿಂದೆ ಚಿತ್ರಾನ್ನದ ವಾಸನೆ. ಬಾಗಿಲಲ್ಲಿ ಇಬ್ಬರು ಅಂಕಲ್‌ಗಳು ತುಷಾರನನ್ನು ಗುರುತಿಸಿದರು. "ಇವತ್ತು ಯಾವ ಹೀರೋ ಲ್ಯಾಂಡ್ ಆಗ್ತಿದಾನಪ್ಪಾ?" ಎಂದು ಒಬ್ಬರು ಕೇಳಿದರು. "ನಾನೇ ಅಂಕಲ್, ಆಲ್ರೆಡಿ ಲ್ಯಾಂಡ್ ಆಗಿದೀನಿ" ಎಂದು ಹಿಂದಿನ ಸಾಲಿನಲ್ಲಿ ಕೂತ.

ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಮಾಸ್ತರರ ಮಗ ಶಶಿಧರ ಮುಂದಿನ ಸಾಲಿನಲ್ಲಿ ಕೂತು ಫೋನೆತ್ತಿ ವಿಡಿಯೋ ಹಿಡಿಯುತ್ತಿದ್ದ. ಅಪ್ಪನನ್ನು ಅಷ್ಟು ಹೊತ್ತು ಒಂದೇ ಸಮನೆ ನೋಡಿದ್ದು ಅವನಿಗೂ ಹೊಸದಿರಬೇಕು. ಪಂಚಾಕ್ಷರಯ್ಯ ಮೈಕಿನ ಮುಂದೆ ನಿಂತು, ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾ ಒಂದು ಖರೇ ಮಾತು ಹೇಳಬೇಕಾಗೇತ್ರಿ" ಎಂದರು. "ಈ ಪುಸ್ತಕ ನಾ ಬರದದ್ದಲ್ಲ."

ಚಪ್ಪಾಳೆ.

"ಅಲ್ರೀ, ಕೇಳ್ರಿ. ಇದನ್ನ ಬರದವ ಬ್ಯಾರೆ ಅದಾನ. ನಾ ಬರೇ ಕೈ."

ಇನ್ನೂ ಜೋರು ಚಪ್ಪಾಳೆ. ಮೂರನೆಯ ಸಾಲಿನ ಒಬ್ಬ ಆಂಟಿ ಕಣ್ಣೊರೆಸಿಕೊಂಡರು. ಸಂಧ್ಯಾರಾಣಿ ಇನ್ನೊಂದು ಮೈಕ್ ಹಿಡಿದು, "ನೋಡ್ರೀ! ಬರೆದವನು ಮೇಲಿರೋ ಆ ಶಿವ, ನಾನು ಬರೀ ಕೈ ಅಂತಾರೆ. ಸೋ ಹಂಬಲ್! ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ಲೆಸನ್ ಬೇಕಾ?" ಎಂದರು.

ಮಾಸ್ತರರು ಕೈಯೆತ್ತಿ ಹಿಂದಿನ ಸಾಲಿನತ್ತ ಬೆರಳು ಮಾಡಿದರು. ಬಾಯಿ ತೆರೆದಿತ್ತು. ಇನ್ನು ಅರ್ಧ ನಿಮಿಷ ಕೊಟ್ಟಿದ್ದರೆ ಹೆಸರು ಹೇಳುತ್ತಿದ್ದರು. ತುಷಾರ್ ಸುಮ್ಮನೆ ಎದ್ದು ಹೋಗಿ ಅವರ ಪಕ್ಕದಲ್ಲಿ ನಿಂತಿದ್ದರೂ ಸಾಕಿತ್ತು.

ಆದರೆ ನೂರೈವತ್ತು ಜನರ ಮುಂದೆ ಅಂಥ ಅವಕಾಶ ಅವನ ಬದುಕಿನಲ್ಲಿ ಮತ್ತೆ ಸಿಗುವುದೇ? ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ.

"ನಿಲ್ಸಿ!" ಎಂದು ಗುಡುಗಿದ. ದನಿ ತಾನೇ ಎರಡು ಮೆಟ್ಟಿಲು ಕೆಳಗಿಳಿದು ಹೀರೋ ದನಿಯಾಯಿತು. "ಇಲ್ಲಿ ಶಾಲು ಒಂದು, ಹೆಗಲು ಎರಡು! ಅಸಲಿ ಯಾರು ನಕಲಿ ಯಾರು ಅಂತ ಬಾಯಿ ಹೇಳೋದ್ ಬೇಡ, ಗೆರೆ ಹೇಳ್ಲಿ! ಬೋರ್ಡ್ ತನ್ನಿ. ಇಬ್ರೂ ಕ್ಯಾರಿಯರ್‌ಪುರ ಬಿಡಿಸ್ತೀವಿ. ಯಾರ ಕೈಯಲ್ಲಿ ಆ ಊರು ಹುಟ್ಟುತ್ತೋ ಅವ್ನೇ ಅದರ ಅಪ್ಪ!"

"ಏ, ಆ ಏರ್‌ಪೋರ್ಟ್ ಹುಡುಗ ಕಣ್ರೀ!" ಎಂದರು ಯಾರೋ.

"ಇವನಾ ಹ್ಯಾಕ್ ಮಾಡಿದ್ದು? ಹೊರಗ್ ಕಳ್ಸಿ!"

"ಇರ್ಲಿ ಬಿಡ್ರಿ, ಬಿಡಿಸ್ಲಿ. ಒಂದ್ಸಲ ಬಾಯಿ ಮುಚ್ಚುತ್ತೆ."

ಕನ್ನಡ ಶಾಲೆಯ ಬಿಳಿ ಬೋರ್ಡನ್ನು ಉರುಳಿಸಿಕೊಂಡು ತಂದರು. ಪಂಚಾಕ್ಷರಯ್ಯ ತುಷಾರನ ಹತ್ತಿರ ಬಂದು, "ಇದೆಲ್ಲಾ ಯಾಕ್ ಬೇಕಿತ್ತಪಾ, ನಾ ಹೇಳ್ತಿದ್ನೆಲ್ಲ" ಎಂದು ಮೆಲ್ಲಗೆ ಅಂದರು. ತುಷಾರನ ಕಿವಿಯಲ್ಲಿ ಆಗಲೇ ಹಿನ್ನೆಲೆ ಸಂಗೀತ ಶುರುವಾಗಿತ್ತು. ಮಾರ್ಕರ್ ಕಿತ್ತುಕೊಂಡು ಬೋರ್ಡಿನ ಮುಂದೆ ನಿಂತ.

ಮೊದಲ ಗೆರೆ, ಕ್ಯಾರಿಯರಿನ ಬುಡದ ಸುತ್ತು. ಅದು ಮೊಟ್ಟೆಯಾಯಿತು.

ಆಗ ಅವನಿಗೆ ಹೊಳೆಯಿತು. ಈ ಕ್ಯಾರಿಯರನ್ನು ಅವನು ಒಂದು ಸಲವೂ ಬಿಡಿಸಿರಲಿಲ್ಲ. ಅಮ್ಮನ ಕ್ಯಾರಿಯರಿನ ಫೋಟೋ ತೆಗೆದು, ಟ್ಯಾಬಿನಲ್ಲಿ ಅದರ ಮೇಲೆ ಇನ್ನೊಂದು ಪದರ ಹಾಕಿ, ಅಂಚು ಹಿಡಿದು ಗೀಚಿದ್ದ. ಗೆರೆ ಅಲುಗಿದರೆ ಟ್ಯಾಬೇ ನೆಟ್ಟಗೆ ಮಾಡುತ್ತಿತ್ತು. ಸಾಸಿವೆರಾಯನ ಮುಖಗಳೂ ಒಟ್ಟು ಆರೇ. ಅವನ್ನೇ ತಿರುಗಿಸಿ ತಿರುಗಿಸಿ ಅಂಟಿಸುತ್ತಿದ್ದ. ನಗರ ಅವನ ತಲೆಯಲ್ಲಿತ್ತು, ಬೀದಿ ಬೀದಿಯಾಗಿತ್ತು. ಕೈಗೆ ಅದರ ದಾರಿಯೇ ಗೊತ್ತಿರಲಿಲ್ಲ.

ಎರಡನೆಯ ಗೆರೆಯೂ ತಪ್ಪಿತು. ಅವನ ಎಡಗೈಯ ಎರಡು ಬೆರಳು ತಮ್ಮಷ್ಟಕ್ಕೆ ಬೋರ್ಡನ್ನು ಟಪ್ ಎಂದು ತಟ್ಟಿದವು. ಟ್ಯಾಬಿನಲ್ಲಿ ಹಾಗೆ ತಟ್ಟಿದರೆ ತಪ್ಪು ಅಳಿಸಿಹೋಗುತ್ತದೆ. ಬೋರ್ಡಿನಲ್ಲಿ ಏನೂ ಆಗಲಿಲ್ಲ. ಮತ್ತೆ ತಟ್ಟಿದ. ಮೊದಲು ನಕ್ಕವರು ಮಕ್ಕಳು. ಅವುಗಳಿಗೆ ಅದೇನೆಂದು ಗೊತ್ತಿತ್ತು. ಆಮೇಲೆ ಇಡೀ ಸಭೆ.

"ನನ್ ಟ್ಯಾಬಲ್ಲಿದೆ, ಎಲ್ಲಾ ಫೈಲ್ ಇದೆ, ತೋರಿಸ್ತೀನಿ" ಎಂದು ಬ್ಯಾಗಿಗೆ ಕೈ ಹಾಕಿದ. ಈ ಸಲ ದನಿ ಅವನದೇ, ಸಣ್ಣದು.

"ಅದೇನ್ ದೊಡ್ಡದು ಮಾರಾಯಾ" ಎಂದರು ಒಬ್ಬರು, ನಾರ್ತ್ ಸಿಡ್ನಿಯ ಐಟಿ ಆಫೀಸಿನವರು. "ಎಐಗೆ ಹೇಳಿದ್ರೆ ಅರ್ಧ ಗಂಟೇಲಿ ನಂಗೂ ಮಾಡ್ಕೊಡುತ್ತೆ ಫೈಲು. ಬೋರ್ಡ್ ಮೇಲೆ ಬಿಡ್ಸು ಅಂದಿದ್ದು ನೀನೇ ತಾನೇ?"

ಹೌದು, ಅವನೇ.

ಪಂಚಾಕ್ಷರಯ್ಯ ಮಾರ್ಕರ್ ತೆಗೆದುಕೊಂಡರು. "ಸುಣ್ಣದ ಕಡ್ಡಿ ಇಲ್ಲೇನ್ರಿ? ಇರ್ಲಿ" ಎಂದರು. ಮೂವತ್ತೈದು ವರ್ಷ ಹಲಗೆಯ ಮುಂದೆ ನಿಂತ ತೋಳು ಒಮ್ಮೆ ಬೀಸಿತು, ಬುಡದ ಸುತ್ತು ಮುಗಿಯಿತು. ಒಂದು ಡಬ್ಬಿ, ಅದರ ಮೇಲೊಂದು, ಅದರ ಮೇಲೊಂದು. ಸರೋವರಕ್ಕೆ ಅಲೆ, ಬಡಾವಣೆಗೆ ಹಪ್ಪಳ, ಹಪ್ಪಳದ ಮೇಲೆ ಕಾಗೆ. ಕಾಗೆ ತುಷಾರನ ಕಥೆಯಲ್ಲಿ ಇರಲೇ ಇಲ್ಲ. ನಕಲಿ ಸಾಸಿವೆರಾಯನನ್ನು ಎತ್ತರದಲ್ಲಿ ನಿಲ್ಲಿಸಿ, ಮೀಸೆಗೆ ಒಂದೇ ಎಳೆತ. ಕೊನೆಯ ಚುಕ್ಕೆ ಇಟ್ಟು ಹಿಂದೆ ಸರಿದಾಗ ಜನ ಎದ್ದು ನಿಂತರು. ಶಶಿಧರ ಫೋನ್ ಕೆಳಗಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಿದ್ದ.

"ಮಾವಾರೇ" ಎಂದರು ಸಂಧ್ಯಾರಾಣಿ, ಕಣ್ಣಲ್ಲಿ ನೀರು. "ಈಗಾದ್ರೂ ಹೇಳ್ರಿ. ಇದು ನಿಮ್ದು ಹೌದೋ ಅಲ್ಲೋ?"

ಪಂಚಾಕ್ಷರಯ್ಯ ಬೋರ್ಡ್ ನೋಡಿದರು. ಮಗನನ್ನು ನೋಡಿದರು. ತುಷಾರನ ಕಡೆ ತಿರುಗಲಿಲ್ಲ.

"ಹೌದ್ರಿ" ಎಂದರು. "ನಂದ."

ಮನೆಗೆ ಬಂದಾಗ ವಸಂತಾ ಬಾಗಿಲಲ್ಲೇ ನಿಂತಿದ್ದರು. "ಎಂತ ಆಯ್ತು?"

ಸಾದಾ ಹೇಳು ಎಂದಿದ್ದ ಅಮ್ಮನಿಗೆ ನಡೆದದ್ದನ್ನು ಹೇಗೆ ಹೇಳುವುದು? "ಸೂಪರ್ ಹಿಟ್ ಅಮ್ಮಾ" ಎಂದ ತುಷಾರ್. "ಒಪ್ಕೊಂಡ್ರು. ಈ ಪುಸ್ತಕ ಪ್ರಿಂಟಾಗಿ ಹೋಗಿದೆಯಲ್ಲ, ಮುಂದಿನ ಸಲ ನನ್ನ ಹೆಸರು ಹಾಕ್ತಾರೆ."

"ನಾನು ಹೇಳಿದೆನಲ್ಲ, ಮುಖ ನೋಡಿ ಮಾತಾಡಿದರೆ ಆಗ್ತದೆ ಅಂತ" ಎಂದು ಅವರು ತಟ್ಟೆ ಇಟ್ಟರು.

ಬುಧವಾರ ಗೂಡಿಗೆ ಫೋನ್ ಬಂತು. ಪಂಚಾಕ್ಷರಯ್ಯ. ಬಹಳ ಹೊತ್ತು ಕೆಮ್ಮಿದರು.

"ತಪ್ಪಾತಪಾ."

"ಯಾರಿಗ್ ಹೇಳ್ತೀರ, ನಂಗಾ? ಅವ್ರಿಗ್ ಹೇಳಿ."

"ಅವ್ರು ನಂಬೂದಿಲ್ಲ. ನೀನ ನೋಡೀದ್ಯಲ್ಲ." ಮತ್ತೆ ಕೆಮ್ಮು. "ಮಂದಿ ಕೊನೀ ಕಂತು ಕೇಳಾಕತ್ತಾರ. ಅನಘಾ ದಿನಾ ಕೇಳ್ತಾಳ. ಏನು ಆಕ್ಕೈತಿ ಅಂತ ನನಗ ಗೊತ್ತಿಲ್ಲ. ಕಳಸ್ತೀ?"

ತುಷಾರ್ ನಕ್ಕ. ಆ ವಾರದಲ್ಲಿ ಮೊದಲ ಸಲ ನಕ್ಕದ್ದು. "ನಕಲಿ ಸಾಸಿವೆರಾಯಂಗೆ ಒಂದು ತೊಂದ್ರೆ ಇದೆ ಮೇಷ್ಟ್ರೇ. ಮೀಸೆ ಕದೀಬಹುದು, ಕ್ಲೈಮ್ಯಾಕ್ಸ್ ಕದಿಯೋಕಾಗಲ್ಲ. ಕಾಯ್ಲಿ ನಿಮ್ ಜನ." ಫೋನ್ ಇಟ್ಟ.

ಕ್ಲೈಮ್ಯಾಕ್ಸ್ ಅವನ ತಲೆಯಲ್ಲಿ ಸಿದ್ಧವಿತ್ತು. ಅಸಲಿ ಯಾರೆಂದು ತಿಳಿಯಲು ನಗರದ ಜನ ಇಬ್ಬರನ್ನೂ ಒಗ್ಗರಣೆ ಸೌಟಿನ ಕಾದ ಎಣ್ಣೆಗೆ ಹಾರಲು ಹೇಳುತ್ತಾರೆ. ನಕಲಿ ಎಣ್ಣೆಯಲ್ಲಿ ಈಜಿ ಮೇಲೆ ಬರುತ್ತಾನೆ. ಅಸಲಿ ಸಿಡಿಯುತ್ತಾನೆ, ನಿಜವಾದ ಸಾಸಿವೆ ಸಿಡಿಯಲೇಬೇಕು. ಇವನೇ ನಮ್ಮವನು ಎಂದು ಜನಕ್ಕೆ ಗೊತ್ತಾಗುವುದು ಅವನು ಇಲ್ಲವಾದ ಕ್ಷಣದಲ್ಲಿ. ಅವನು ಅದನ್ನು ಬಿಡಿಸಲಿಲ್ಲ. ಕಥೆ ನಿಂತುಹೋದರೆ ಜನಕ್ಕೆ ಅನುಮಾನ ಬರುತ್ತದೆ, ಮುದುಕರ ಹತ್ತಿರ ಮುಂದೇನೂ ಇಲ್ಲ ಎಂದು ತಿಳಿಯುತ್ತದೆ, ತನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂದು ಲೆಕ್ಕ ಹಾಕಿದ. ಎರಡು ವಾರ ಕಾದ.

ಮೂರನೆಯ ಭಾನುವಾರ ಹನ್ನೆರಡನೆಯ ಕಂತು ಬಂತು. ಪೆನ್ಸಿಲ್ಲಿನಲ್ಲಿ.

ವಸಂತಾಗೆ ಯಾರೋ ಫಾರ್ವರ್ಡ್ ಮಾಡಿದ್ದರು. ಅವರು ಸೋಫಾದ ಮೇಲೆ ಕೂತು ಕನ್ನಡಕ ಏರಿಸಿ ಓದುತ್ತಿದ್ದರು. ತುಷಾರ್ ಹಿಂದಿನಿಂದ ಬಗ್ಗಿ ನೋಡಿದ. ನಕಲಿ ಸಾಸಿವೆರಾಯ ತುಂಬಿದ ಸಭೆಯಲ್ಲಿ ಅಸಲಿಯ ಕಾಲು ಹಿಡಿದು ಅಳುತ್ತಾನೆ. ಅಸಲಿ ಅವನನ್ನೆತ್ತಿ ಅಪ್ಪಿಕೊಂಡು, 'ಇನ್ನು ಮೇಲೆ ಇಬ್ಬರೂ ಸೇರಿ ಊರು ಕಾಯೋಣ' ಎನ್ನುತ್ತಾನೆ. ಜನ ಇಬ್ಬರಿಗೂ ಹಾರ ಹಾಕುತ್ತಾರೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ಕ್ಷಮೆಯೇ ಮಹಾಶಕ್ತಿ.

ಕಳಪೆ, ಎಂದುಕೊಂಡ ತುಷಾರ್. ಶಾಲೆಯ ಗೋಡೆಬರಹ. ಎಣ್ಣೆಯಿಲ್ಲ, ಸಿಡಿತವಿಲ್ಲ, ಅಲ್ಲಿಯವರೆಗಿನ ಹನ್ನೊಂದು ಕಂತಿಗೆ ಅರ್ಥವೇ ಇಲ್ಲ. ಇದನ್ನು ಓದಿದ ಯಾರಿಗಾದರೂ ಬರೆದವನು ಬೇರೆ ಎಂದು ಗೊತ್ತಾಗಲೇಬೇಕು. ಕೆಳಗಿನ ಮೆಸೇಜುಗಳನ್ನು ಅಮ್ಮ ಸರಿಸುತ್ತಿದ್ದರು: ಕೈಮುಗಿದ ಚಿತ್ರ, ಹೂವಿನ ಚಿತ್ರ, 'ಕಣ್ಣೀರು ಬಂತು ಸರ್', 'ಎಂಥಾ ಮುಕ್ತಾಯ'. ಒಬ್ಬರಿಗೂ ಏನೂ ಗೊತ್ತಾಗಿರಲಿಲ್ಲ.

ವಸಂತಾ ಕನ್ನಡಕ ತೆಗೆದರು.

"ಅಷ್ಟು ಚಂದ ಪೆನ್ಸಿಲಲ್ಲಿ ಬಿಡಿಸ್ಲಿಕ್ಕೆ ಯಾವಾಗ ಕಲಿತದ್ದು ನೀನು?" ಎಂದರು. "ಸತ್ಯ ಹೇಳ್ತೇನೆ ತುಷಾರ್, ಹಿಂದಿನದ್ದರಲ್ಲೆಲ್ಲ ಒಂದು ಕುಹಕ ಇತ್ತು, ನಾನು ಹೇಳಿರ್ಲಿಲ್ಲ. ಇದು ಮನಸ್ಸು ತುಂಬಿ ಬರೆದದ್ದು. ಇದು ಓದಿದ ಮೇಲೆ ನನಗೆ ಗೊತ್ತಾಯ್ತು, ನನ್ನ ಮಗ ದೊಡ್ಡವನಾದ ಅಂತ."

ಅವರು ಕೈಚಾಚಿ ಅವನ ಕೆನ್ನೆ ಹಿಡಿದರು.

"ಥ್ಯಾಂಕ್ಸ್ ಅಮ್ಮಾ" ಎಂದ ತುಷಾರ್. "ತುಂಬಾ ಕಷ್ಟಪಟ್ಟೆ ಇದಕ್ಕೆ."